ಮೊದಲ ಬ್ಯಾಕ್‌ಪ್ಲೇಟ್ ಸ್ಟೀಲಾ, ಅಲ್ಯೂಮಿನಿಯಮ್ಮಾ?

ಸಾಗರದಿಂದ:
ಜೋಗದ ದಾರಿ ಇಳಿದು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುತ್ತೇನೆ. ಸಿಲಿಂಡರ್ ಹೊರುವ, ಗಾಳಿ ತುಂಬುವ ಬಾಡಿಗೆ ಜಾಕೆಟ್ ನೀರಲ್ಲಿ ಕುತ್ತಿಗೆವರೆಗೂ ಏರಿ ಕೂರುತ್ತದೆ. ಅದರ ಬದಲು ಸ್ವಂತ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟುವ ಬೆನ್ನಿನ ಲೋಹದ ತಟ್ಟೆ) ಮತ್ತು ವಿಂಗ್ (ತೇಲಲು ಅದರ ಹಿಂದೆ ಕೂರುವ ಗಾಳಿಚೀಲ) ಬೇಕು. ಒಂದೇ ಸಿಲಿಂಡರ್, 11 ಲೀಟರ್ ಅಲ್ಯೂಮಿನಿಯಂ, 3 ಮಿ.ಮೀ. ಸೂಟ್. ಯಾವ ಪ್ಲೇಟ್, ಎಷ್ಟು ದೊಡ್ಡ ವಿಂಗ್?

ತೀರ್ಥಹಳ್ಳಿಯಿಂದ:
ಸ್ಟೀಲ್ ತಗೊಳ್ಳಿ. ಪ್ಲೇಟೇ ಎರಡೂವರೆ ಕೆಜಿ ಮೇಲಿರುತ್ತದೆ, ಮುಳುಗಲು ಸೊಂಟಕ್ಕೆ ಕಟ್ಟುವ ಸೀಸ ಹೆಚ್ಚುಕಡಿಮೆ ಅಷ್ಟು ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ತೇಲುತ್ತದೆ. ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ, ಅಲ್ವಾ? ವಿಂಗ್ 13-14 ಕೆಜಿ ಎತ್ತಿದರೆ ಸಾಕು. ನಾನು ಮೊದಲು ಜೋಡಿ ಸಿಲಿಂಡರಿನ ದೊಡ್ಡ ವಿಂಗ್ ತಂದಿದ್ದೆ. ಅದರ ಅಂಚುಗಳು ಸಿಲಿಂಡರ್ ಸುತ್ತ ಮಡಚಿಕೊಂಡು ಗಾಳಿ ಒಂದು ಕಡೆಯೇ ಸಿಕ್ಕಿಕೊಳ್ಳುತ್ತಿತ್ತು. ಗಾಳಿ ಬಿಡಲು ತುಂಬಾ ಕಷ್ಟಪಟ್ಟೆ.

ಪ್ಲೇಟನ್ನು ಮೈಗೆ ಕಟ್ಟುವ ಹಾರ್ನೆಸ್ಸಿಗೆ ಮಾತ್ರ ಸಮಯ ಕೊಡಿ. ಅದು ಒಂದೇ ಉದ್ದದ ಪಟ್ಟಿ. ಸೂಟ್ ಹಾಕಿಕೊಂಡೇ ಅಳತೆ ಮಾಡಿ. ನಾನು ಅಡಿಕೆ ಅಂಗಳದಲ್ಲಿ ನಿಂತು ಎರಡು ಸಂಜೆ ಎಳೆದೆಳೆದು ಸರಿಮಾಡಿದೆ. ತೊಡೆ ನಡುವಿನ ಪಟ್ಟಿ ಬಿಡಬೇಡಿ, ಪ್ಲೇಟ್ ಮೇಲೇರದಂತೆ ಹಿಡಿಯುವುದು ಅದೇ.

ಶಿವಮೊಗ್ಗದಿಂದ:
ಅಂಡಮಾನಿಗೆ ವಿಮಾನದಲ್ಲಿ ಹೋಗುವುದಾದರೆ ಅಲ್ಯೂಮಿನಿಯಂ ಪ್ಲೇಟ್ ಹಗುರ, ಸುಮಾರು ಒಂದು ಕೆಜಿ.

ಸಾಗರದಿಂದ:
ನನ್ನದು ಬಸ್ಸಿನ ಪ್ರಯಾಣ. ಹಾಗಾದರೆ ಸ್ಟೀಲೇ. ಮಳೆಗಾಲದಲ್ಲಿ ನೇತ್ರಾಣಿ ಹೇಗೂ ಬಂದ್, ಅಷ್ಟರೊಳಗೆ ಪಟ್ಟಿ ಹೊಂದಿಸಿಕೊಳ್ಳುತ್ತೇನೆ.