ಅಪ್‌ಡೇಟ್: ಮನೆಮಂದಿಗೆ ಗಟ್ಟಿ ಟೆಂಟ್, ಕೊನೆಗೂ ತಗೊಂಡೆವು

ಮಲೆನಾಡಿನ ಗಾಳಿಮಳೆ ತಡೆಯುವ ಟೆಂಟ್ ಯಾವುದು, ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರು ಜನರ ಡೋಮ್ ಟೆಂಟ್ ತಗೊಂಡೆವು. ನಾಲ್ಕು ಜನರದ್ದು ಅಂತ ಬರೆದಿರುವುದರಲ್ಲಿ ನಾಲ್ಕು ಹಾಸಿಗೆ ಒತ್ತಿ ಹಾಸಿದರೆ ಮುಗೀತು, ಬ್ಯಾಗ್ ಇಡೋಕೂ ಜಾಗ ಇರಲ್ಲ.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಹಾಕಿದ್ದೆವು, ರಾತ್ರಿಯಿಡೀ ಜೋರು ಮಳೆ. ಹೊರಹೊದಿಕೆ 3000 ಮಿ.ಮೀ. ರೇಟಿಂಗಿನದು, ಅಂದರೆ ಪರೀಕ್ಷೆಯಲ್ಲಿ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಒತ್ತಡ ಬೀಳುವ ತನಕ ಸೋರಿಲ್ಲ ಅಂತ. ಆದರೆ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ನೀರು ನುಗ್ಗುವುದು ಹೊಲಿಗೆಯಲ್ಲಿ, ಅದಕ್ಕೇ ಒಳಗಿನಿಂದ ಟೇಪ್ ಅಂಟಿಸಿದ್ದಾರಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಮಧ್ಯರಾತ್ರಿ ಟಾರ್ಚ್ ಹಾಕಿ ಮೂಲೆಯ ಹೊಲಿಗೆಗಳನ್ನು ಬೆರಳಿನಿಂದ ಸವರಿದೆ, ಒಣಗಿಯೇ ಇದ್ದವು! ಬೆಳಗ್ಗೆ ಹೊರಹೊದಿಕೆಯ ಒಳಮೈ ತುಂಬಾ ಹನಿ ಕಟ್ಟಿತ್ತು. ಅದು ಸೋರಿದ್ದಲ್ಲ, ನಮ್ಮದೇ ಉಸಿರಿನ ತೇವ. ಎರಡು ಪದರದ ಟೆಂಟ್ ಆದ್ದರಿಂದ ಮಕ್ಕಳ ಮೇಲೆ ಬೀಳಲಿಲ್ಲ. ಮಳೆ ಅಂತ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ.

ಕೋಲುಗಳು ಅಲ್ಯೂಮಿನಿಯಂ. ಫೈಬರ್ ಗ್ಲಾಸ್‌ನದು ಅಗ್ಗ, ನಿಜ, ಆದರೆ ಜೋರು ಗಾಳಿಗೆ ಸೀಳಿಬಿಡುತ್ತೆ, ಅಲ್ಯೂಮಿನಿಯಂ ಬಾಗಿದರೂ ಹೇಗೋ ರಾತ್ರಿ ಕಳೆಯಬಹುದು. ಜೊತೆಗೆ ಬಂದ ತೆಳು ಗೂಟಗಳು ತೋಟದ ಮೆತ್ತನೆ ಮಣ್ಣಿನಲ್ಲಿ ನಿಲ್ಲಲಿಲ್ಲ, ತೋಟದವರು ಕೊಟ್ಟ ಉದ್ದದ ಮರದ ಗೂಟಕ್ಕೆ ಹಗ್ಗ ಬಿಗಿದೆವು.

ಈಗ ಟೆಂಟ್ ಟೆರೇಸ್ ಮೇಲೆ ಒಣಗುತ್ತಿದೆ, ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ ಅಲ್ವಾ. ಉದ್ದದ ಒಳ್ಳೆ ಗೂಟ ಎಲ್ಲಿ ಸಿಗುತ್ತೆ, ಗೊತ್ತಿದ್ದರೆ ಹೇಳಿ.