ಹಾಸನದಲ್ಲಿ ಹಳೇ ಹೆಂಚಿನ ಮನೆ ಕೊಳ್ಳುತ್ತಿದ್ದೇವೆ, ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ಸಾಲಗಾಮೆ ರಸ್ತೆ ಕಡೆ 30×40 ಸೈಟಿನಲ್ಲಿ ಹಳೇ ಹೆಂಚಿನ ಮನೆಯೊಂದನ್ನು ನೋಡಿದ್ದೇವೆ. ಇದು ನಮ್ಮ ಮೊದಲ ಆಸ್ತಿ. ರಿಪೇರಿ ಮಾಡಿಸಿ ನಾವೇ ಇದ್ದರೆ, ಬಾಡಿಗೆಗೆ ಹೋಗುವ ದುಡ್ಡು ಸಾಲದ ಕಂತಿಗಾಗುತ್ತದೆ ಅಲ್ವಾ? ಇ-ಖಾತಾ ಇದೆ. ಇಸಿ (ಆಸ್ತಿ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿದ್ದೇವೆ, ಅಡಮಾನ ಏನೂ ಕಾಣಲಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದನ್ನೂ ಎತ್ತಿಟ್ಟಿದ್ದೇವೆ.

ಭಯ ಇರುವುದು ಮಾಡಿನದು. ತೊಲೆಗೆ ಎರಡು ಕಡೆ ಗೆದ್ದಲು ಹಿಡಿದಿದೆ. ಮಣ್ಣಿನ ಗೋಡೆ, ಬುಡದಲ್ಲಿ ತೇವ ಜಾಸ್ತಿ. ಒಬ್ಬ ಮೇಸ್ತ್ರಿ ಹೆಂಚು ತೆಗೆದು ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ತಾರಸಿ ಹಾಕಿ ಅಂದರು. ಇನ್ನೊಬ್ಬರು ತೊಲೆ, ಹೆಂಚು ಕೂರಿಸುವ ರೀಪು ಬದಲಾಯಿಸಿದರೆ ಸಾಕು ಅಂದರು. ಮಣ್ಣಿನ ಗೋಡೆ ಮೇಲೆ ಅಷ್ಟು ಭಾರ ಹೇರುವುದು ನನಗಂತೂ ಸರಿ ಕಾಣುತ್ತಿಲ್ಲ.

ಇಂಥ ಮನೆ ರಿಪೇರಿ ಮಾಡಿಸಿದವರಿದ್ದರೆ ಖರ್ಚು ಎಷ್ಟಾಯ್ತು ಹೇಳಿ. ನಂಬಿಕೆಯ ಬಡಗಿ, ಇಂಜಿನಿಯರ್ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಬರುವ ವಾರ ಅಡ್ವಾನ್ಸ್ ಕೊಡಬೇಕು.