ಯಾರಿಗೂ ಹೇಳಬೇಡ ಅಂದಿದ್ದಾಳೆ, ಏನು ಮಾಡಲಿ? – ಓದುಗರ ಸ್ಪಂದನ

(ರೂಮ್‌ಮೇಟ್ ಎರಡು ತಿಂಗಳಿಂದ ಯಾರ ಜೊತೆಗೂ ಸೇರುತ್ತಿಲ್ಲ, 'ನಾನಿಲ್ಲದಿದ್ದರೆ ಮನೆಯವರಿಗೆ ಹಗುರ' ಅಂದಳು, ಯಾರಿಗೂ ಹೇಳಬಾರದು ಅಂತ ಆಣೆ ಮಾಡಿಸಿಕೊಂಡಿದ್ದಾಳೆ ಎಂದು ಬರೆದಿದ್ದ ವಿದ್ಯಾರ್ಥಿನಿಗೆ ಬಂದ ಉತ್ತರಗಳು.)

ತಂಗೀ, ಮೊದಲು ಆಣೆ ವಿಷಯ. ಮುರಿದುಬಿಡು. ಅವಳು ಸಿಟ್ಟಾಗಿ ನಾಲ್ಕು ದಿನ ಮಾತು ಬಿಡಬಹುದು, ಬಿಡಲಿ. ಆಮೇಲೆ ರಾಜಿ ಆಗೋಕೆ ಅವಳಿರಬೇಕು ಅಲ್ವಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತಾ ಅಂತ ಹೆದರಿದ್ದೀಯ. ಇಲ್ಲ. ಇದನ್ನು ಅಧ್ಯಯನ ಮಾಡಿಯೇ ನೋಡಿದ್ದಾರೆ, ಕೇಳಿದ್ದರಿಂದ ಅಪಾಯ ಹೆಚ್ಚಿದ್ದು ಕಂಡಿಲ್ಲ. ಸುತ್ತಿ ಬಳಸದೆ 'ಸಾಯೋ ಯೋಚನೆ ಬರ್ತಿದೆಯಾ?' ಅಂತ ಕೇಳು. ಹೌದು ಅಂದರೆ ಬುದ್ಧಿ ಹೇಳಬೇಡ, ಕೇಳಿಸಿಕೋ. ಹೇಗೆ, ಯಾವಾಗ ಅಂತೆಲ್ಲ ಯೋಚಿಸಿಟ್ಟಿದ್ದಾಳೆ ಅಂತ ಗೊತ್ತಾದರೆ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡ, ವಾರ್ಡನ್‌ನೋ ಮನೆಯವರನ್ನೋ ಕರೆದು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳು ಒಪ್ಪದಿದ್ದರೆ ನೀನೇ ಕರೆ ಮಾಡಿ ಕೇಳು.

*

ನಿಮ್ಮ ಗೆಳತಿ ಇರುವ ಜಾಗದಲ್ಲಿ ನಾನಿದ್ದೆ, ಡಿಗ್ರಿ ಎರಡನೇ ವರ್ಷದಲ್ಲಿ. ಫೋನಿನಲ್ಲಿ ಆರು ಗ್ರೂಪ್ ಇದ್ದವು, ದಿನಕ್ಕೆ ನೂರಾರು ಮೆಸೇಜ್, ಅದರಲ್ಲಿ ಒಂದೂ ನನಗೇ ಅಂತ ಬಂದದ್ದಲ್ಲ. ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಬರೆದದ್ದನ್ನು ಎಷ್ಟೋ ದಿನ ಆದಮೇಲೆ ಓದಿದೆ. ನಾನು ಯಾರಿಗೂ ಸೇರಿದವನಲ್ಲ, ನಾನು ಎಲ್ಲರಿಗೂ ಹೊರೆ, ಈ ಎರಡೂ ಒಟ್ಟಿಗೆ ಮನಸ್ಸಿನಲ್ಲಿ ಕೂತಾಗ ಸಾವಿನ ಆಸೆ ಹುಟ್ಟುತ್ತದೆ ಅಂತ. ಮೈ ಜುಂ ಅಂದಿತು. ಆ ಹೊರೆ ಅನ್ನೋದು ಆಗ ಎಷ್ಟು ನಿಜ ಅನ್ನಿಸುತ್ತದೆ ಅಂದರೆ 'ಹಾಗೇನಿಲ್ಲ ಬಿಡೋ' ಅಂದರೆ ಕಿವಿಗೇ ಬೀಳಲ್ಲ. ಪಕ್ಕದ ರೂಮಿನ ಹುಡುಗ ಹಾಗೆ ಹೇಳಲಿಲ್ಲ. ರಾತ್ರಿ ಪುಸ್ತಕ ಹಿಡಿದು ಬಂದು ನನ್ನ ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದ. 'ಈ ಲೆಕ್ಕ ಬರ್ತಿಲ್ಲ, ಹೇಳಿಕೊಡೋ' ಅನ್ನುತ್ತಿದ್ದ. ಒಬ್ಬನಿಗಾದರೂ ನಾನು ಬೇಕಾಗಿದ್ದೆ. ವಾರ ಕಳೆದ ಮೇಲೆ ಅವನೇ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದ. ಒಳಗೆ ಕೂತು ಅಳುವಾಗ ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಚಪ್ಪಲಿ ಕಾಣುತ್ತಿತ್ತು.

*

ನೋಡಮ್ಮ, ನಾನು ಪಾಠ ಮಾಡುವವಳು. ಕಾಲೇಜಿಗೆ ಬರದವರಿಗೆ ನಾವು ಹಾಜರಾತಿ ಕಡಿಮೆ ಅಂತ ನೋಟಿಸ್ ಕಳಿಸುತ್ತೇವೆ, ಯಾಕೆ ಬರ್ತಿಲ್ಲ ಅಂತ ಕೇಳುವವರು ಕಡಿಮೆ. ಅದು ನಮ್ಮದೇ ತಪ್ಪು. ಅಮೆರಿಕದ ಮನೋವೈದ್ಯ ಜೆರೋಮ್ ಮೊಟ್ಟೊ ಆಸ್ಪತ್ರೆಯಿಂದ ಮನೆಗೆ ಹೋಗಿ ಮುಂದಿನ ಚಿಕಿತ್ಸೆ ಬೇಡ ಅಂದ 843 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 5 ವರ್ಷ ಆಗಾಗ ಚಿಕ್ಕ ಕಾಗದ ಬರೆಸಿದರು. ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ ಅಂತಷ್ಟೇ, ಏನನ್ನೂ ಕೇಳದ ಕಾಗದ. ಮೊದಲ 2 ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆ ಇತ್ತು. ಅವಳು ರಜೆಗೆ ಊರಿಗೆ ಹೋದರೂ ನೀನು ಅಂಥ ಎರಡು ಸಾಲು ಕಳಿಸುತ್ತಿರು, ಉತ್ತರ ಬರದಿದ್ದರೂ. ಆದರೆ ಇದನ್ನೆಲ್ಲ ನೀನೊಬ್ಬಳೇ ಹೊರಬೇಡ. ಈ ವಾರವೇ ನಂಬಿಕೆಯ ಒಬ್ಬ ಮೇಷ್ಟ್ರಿಗೋ ಮೇಡಂಗೋ ಹೇಳು. ಮತ್ತೆ, ನೀನು ಸರಿಯಾಗಿ ನಿದ್ದೆ ಮಾಡ್ತಿದ್ದೀಯಾ?